ಫಾರ್ಮ್ ಸಿಯಲ್ಲಿ ಗಂಡನ ಸಹಿಗೆ ಜಾಗವೇ ಇಲ್ಲ

ಗರ್ಭ ತೆಗೆಸಲು ಬಂದವಳಿಗೆ "ಗಂಡನ್ನ ಕರ್ಕೊಂಡು ಬಾರವಾ" ಅಂದರೆ ಅದು ಕಾನೂನಿನ ಮಾತಲ್ಲ. 18 ತುಂಬಿದ ಹೆಣ್ಣುಮಗಳ ಒಪ್ಪಿಗೆಯೊಂದೇ ಸಾಕು. ಒಪ್ಪಿಗೆಯ ಕಾಗದ ಫಾರ್ಮ್ ಸಿಯನ್ನು ಒಮ್ಮೆ ಕೈಗೆ ತಗೊಂಡು ನೋಡಿ: ಅವಳ ಹೆಸರು, ವಯಸ್ಸು, ವಿಳಾಸ, ಕೊನೆಗೆ ಅವಳ ಸಹಿ ಅಥವಾ ಹೆಬ್ಬೆಟ್ಟು. ಪೋಷಕರ ಸಹಿ ಬೇಕಾಗುವುದು ಅಪ್ರಾಪ್ತೆಯರಿಗೆ, ಮಾನಸಿಕ ಅಸ್ವಸ್ಥರಿಗೆ ಮಾತ್ರ.

ಈ ಒಂದು ಮಾತಿನಿಂದ ಎಷ್ಟು ಕೆಡುತ್ತದೆ ಅಂತ ಲೆಕ್ಕ ಹಾಕಿ. ಮಾತ್ರೆಯಿಂದ ಗರ್ಭ ತೆಗೆಯಲು ಅವಕಾಶ ಇರುವುದು 9 ವಾರದವರೆಗೆ. ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಹಾಗಾಗಿ ಮುಟ್ಟು ತಪ್ಪಿದ್ದು ಗೊತ್ತಾಗುವ ದಿನಕ್ಕೇ 4 ವಾರ ಮುಗಿದಿರುತ್ತವೆ, ಕೈಯಲ್ಲಿ ಉಳಿಯುವುದು ಐದೇ. ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದಾನೆ. ಅವನು ಬರುವಷ್ಟರಲ್ಲಿ ನಾಲ್ಕು ವಾರ ಹೋಯಿತು, ಡಾಕ್ಟರು ರಜೆ ಅಂತ ಮತ್ತೊಂದು. ಮಾತ್ರೆಯಲ್ಲಿ ಆಗಬೇಕಿದ್ದ ಕೆಲಸಕ್ಕೆ ಸಿಂಧನೂರಿನಿಂದ ರಾಯಚೂರಿನ ದೊಡ್ಡಾಸ್ಪತ್ರೆ ರಿಮ್ಸ್‌ಗೆ ಅಲೆಯಬೇಕು, ಇಲ್ಲ ಕಳ್ಳ ದಾರಿ ಹಿಡಿಯಬೇಕು.

ಕಾನೂನು ಅವಳ ಪರವಾಗಿಯೇ ಇದೆ. 1971ರ ಗರ್ಭಪಾತ ಕಾಯ್ದೆಗೆ 2021ರಲ್ಲಿ ತಿದ್ದುಪಡಿ ಆಗಿ, 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕಾಯಿತು. ಅತ್ಯಾಚಾರಕ್ಕೊಳಗಾದವರು, ಅಪ್ರಾಪ್ತೆಯರು, ಬಸುರಿಯಾಗಿದ್ದಾಗಲೇ ಗಂಡನನ್ನು ಕಳೆದುಕೊಂಡವರು ಮೊದಲಾದವರಿಗೆ ಇಬ್ಬರು ವೈದ್ಯರ ಅಭಿಪ್ರಾಯದ ಮೇಲೆ 24 ವಾರದವರೆಗೆ ಅವಕಾಶ. ಮದುವೆಯಾಗದವರಿಗೂ ಇದೇ ಹಕ್ಕು ಅಂತ 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಹೇಳಿತು. ಆದರೆ ಕಾನೂನು ತಾನಾಗಿ ತಾಲ್ಲೂಕು ಆಸ್ಪತ್ರೆ ಬಾಗಿಲಿಗೆ ಬರುವುದಿಲ್ಲ. ಗ್ರಾಮಸಭೆಯಲ್ಲಿ ಕೂತು ಕೇಳಬೇಕು.

ಕೇಳುವ ಹದ ಇದೆ. "ನಮ್ಮ ಆಸ್ಪತ್ರೆ ಸುಧಾರಿಸಿ" ಅಂದರೆ ನಡವಳಿ ಪುಸ್ತಕದಲ್ಲಿ "ಚರ್ಚಿಸಲಾಯಿತು" ಅಂತ ಬರೆದು ಮುಗಿಸುತ್ತಾರೆ. ಆ ಪದಕ್ಕೆ ಯಾರೂ ಉತ್ತರ ಕೊಡಬೇಕಿಲ್ಲ. ಈ ಸೇವೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರದ ಯಾವ ದಿನ ಸಿಗುತ್ತದೆ, ತರಬೇತಾದ ವೈದ್ಯರು ರಜೆ ಹೋದರೆ ಬದಲಿ ಯಾರು, ಮಾತ್ರೆ ಕಿಟ್ ಮತ್ತು ಕಾಪರ್‌-ಟಿ ಸ್ಟಾಕ್ ಎಷ್ಟಿದೆ, ಇವನ್ನು ಲಿಖಿತವಾಗಿ ತಿಳಿಸಬೇಕೆಂದು "ಠರಾವು ಪಾಸು ಮಾಡಲಾಯಿತು" ಅಂತಲೇ ಬರೆಸಿ. ಪ್ರತಿಯನ್ನು ತಾಲ್ಲೂಕು ಆರೋಗ್ಯಾಧಿಕಾರಿಗೆ, ಜಿಲ್ಲಾ ಆರೋಗ್ಯಾಧಿಕಾರಿಯಾದ ಡಿಎಚ್‌ಒಗೆ, ಅಭಿವೃದ್ಧಿ ಕೆಲಸಗಳ ಪ್ರಗತಿ ನೋಡುವ ಕೆಡಿಪಿ ಸಭೆಗೆ ಮುಂಚೆ ಶಾಸಕರಿಗೆ ತಲುಪಿಸಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ.

ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ, ಅಂದರೆ ಆರ್‌ಟಿಐ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ವೈದ್ಯರು, ಔಷಧಿ, ಕಟ್ಟಡ ಎಲ್ಲ ಒಂದರಲ್ಲೇ ತುಂಬಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಅನ್ನಬಹುದು. ಸಂಖ್ಯೆ ಕೇಳಿ, ಹೆಸರು ಯಾವತ್ತೂ ಕೇಳಬೇಡಿ. ಸೇವೆ ಪಡೆದವಳ ಗುರುತು ಬಯಲು ಮಾಡುವುದು ಗರ್ಭಪಾತ ಕಾಯ್ದೆಯಡಿ ಅಪರಾಧ. ಸಭೆಯಲ್ಲೂ ಅಷ್ಟೇ, ಊರಿನ ಯಾವ ಹೆಣ್ಣುಮಗಳನ್ನೂ ಉದಾಹರಣೆಗೆ ಎಳೆಯಬಾರದು.

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಹೆರಿಗೆಯಾದ ಬಾಣಂತಿಯರು ಸಾಲಾಗಿ ತೀರಿಕೊಂಡ ಮೇಲೆ ಐವಿ ದ್ರಾವಣದ ಗುಣಮಟ್ಟದ ಪ್ರಶ್ನೆ ವಿಧಾನಸಭೆವರೆಗೂ ಹೋಯಿತು. ಜೀವ ಹೋಗುವ ಮೊದಲೇ ಸ್ಟಾಕ್ ರಿಜಿಸ್ಟರ್ ಕೇಳುವ ಹಕ್ಕು ನಮಗಿದೆ.

ಇನ್ನೊಂದು ಮಾತು. ಹೆಂಗಸರು ಗುಳೆ ಹೋದ ತಿಂಗಳಲ್ಲಿ ಮಹಿಳಾ ಗ್ರಾಮಸಭೆ ಇಟ್ಟರೆ ಕೇಳುವವರೇ ಇರುವುದಿಲ್ಲ. ಉಗಾದಿಗೆ, ಜಾತ್ರೆಗೆ ಎಲ್ಲರೂ ಊರಲ್ಲಿರುವಾಗ ಸಭೆ ಇಡಿ ಅಂತ ಪಂಚಾಯಿತಿ ಅಧಿಕಾರಿ ಪಿಡಿಒಗೆ ಈಗಲೇ ಅರ್ಜಿ ಕೊಡಿ. ಸಭೆ ಶುರುವಾಗುವ ಮುಂಚೆಯೇ ಸಹಿ ಕೇಳಿದರೆ ಹಾಜರಾತಿ ಪುಸ್ತಕಕ್ಕೆ ಮಾತ್ರ ಹಾಕಿ. ನಡವಳಿಗೆ ಸಹಿ, ಠರಾವನ್ನು ಜೋರಾಗಿ ಓದಿಸಿ ಕೇಳಿದ ಮೇಲೆ.