ಹವಳಕ್ಕೆ ಅಭಯ, ಮೀನುಗಾರನಿಗೆ ಜಲಫಿರಂಗಿ

ಚೀನಾ ಸರ್ಕಾರಕ್ಕೆ ಹವಳದ ಮೇಲೆ ಇಷ್ಟೊಂದು ಮಮತೆ ಇದೆಯೆಂಬುದು 2025ರ ಸೆಪ್ಟೆಂಬರ್‌ವರೆಗೂ ನಮ್ಮಂಥ ಪಾಮರರಿಗೆ ಗೊತ್ತಿರಲಿಲ್ಲ. ಆ ತಿಂಗಳು ಬೀಜಿಂಗ್‌ನ ದೊರೆಗಳು ದಕ್ಷಿಣ ಚೀನಾ ಸಮುದ್ರದ ಸ್ಕಾರ್ಬರೋ ದಿಬ್ಬದಲ್ಲಿ ಸುಮಾರು 3,500 ಹೆಕ್ಟೇರ್ ಪ್ರದೇಶವನ್ನು ರಾಷ್ಟ್ರೀಯ ನಿಸರ್ಗಧಾಮವೆಂದು ಘೋಷಿಸಿ, ಅಲ್ಲಿನ ಹವಳವನ್ನು ಕಾಪಾಡುವ ಹೊಣೆಯನ್ನು ಯಾರೂ ಕೇಳದೆಯೇ ಹೊತ್ತುಕೊಂಡರು. ದಿಬ್ಬವಿರುವುದು ಫಿಲಿಪ್ಪೀನ್ಸ್‌ನ ಲುಜೋನ್ ದ್ವೀಪದಿಂದ ಸುಮಾರು 220 ಕಿಲೋಮೀಟರ್ ದೂರದಲ್ಲಿ. ಚೀನಾದ ಹೈನಾನ್‌ನಿಂದ ಹೊರಟರೆ ಹತ್ತಿರ ಹತ್ತಿರ ಅದರ ನಾಲ್ಕು ಪಟ್ಟು ನೀರು ದಾಟಬೇಕು. ಪಕ್ಕದ ಮನೆಯವನ ಹಿತ್ತಿಲಿಗೆ ನುಗ್ಗಿ, ಅವನ ತೆಂಗಿನ ಮರಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೂರು ಸುತ್ತು ದಾರ ಸುತ್ತಿ, ‘ಇದು ದೇವರ ಮರ, ಇನ್ನು ಮೇಲೆ ನೀನು ಕಾಯಿ ಕೀಳುವಂತಿಲ್ಲ’ ಎಂದು ಕೈಮುಗಿದು ಹೇಳುವವನ ಭಕ್ತಿಯನ್ನು ಯಾರಾದರೂ ಅನುಮಾನಿಸಲು ಸಾಧ್ಯವೇ?

ಮರವೆಂದೆ, ಮರವೂ ಇಲ್ಲ. ಭರತದ ಹೊತ್ತಿನಲ್ಲಿ ಆ ದಿಬ್ಬದಲ್ಲಿ ನೀರಿನ ಮೇಲೆ ಉಳಿಯುವುದು ಕೆಲವು ಬಂಡೆಗಳ ನೆತ್ತಿ ಮಾತ್ರ. ಅವುಗಳಲ್ಲಿ ಎತ್ತರದ್ದೂ ಹೆಚ್ಚೆಂದರೆ ಒಂದು ಆಳೆತ್ತರ. ಇದನ್ನು ಫಿಲಿಪ್ಪೀನ್ಸ್‌ನವರು ಬಾಹೋ ದೆ ಮಸಿನ್ಲೋಕ್ ಎಂದೂ ಚೀನೀಯರು ಹುವಾಂಗ್ಯಾನ್ ದಾವೊ, ಅಂದರೆ ಹಳದಿ ಬಂಡೆಯ ದ್ವೀಪ ಎಂದೂ ಕರೆಯುತ್ತಾರೆ. ಉಳಿದ ಲೋಕ ಬಳಸುವ ಸ್ಕಾರ್ಬರೋ ಎಂಬ ಹೆಸರು 18ನೇ ಶತಮಾನದಲ್ಲಿ ಈ ಬಂಡೆಗೆ ಬಡಿದ ಈಸ್ಟ್ ಇಂಡಿಯಾ ಕಂಪನಿಯ ಹಡಗಿನದು. ಹಡಗುಗಳು ಬಡಿದುಕೊಳ್ಳುವುದೇ ಈ ಸ್ಥಳದ ಮಹಿಮೆ ಎಂಬ ನಂಬಿಕೆ ಇದ್ದವರಿಗೆ 2025ರಲ್ಲಿ ಮತ್ತೊಂದು ಪುರಾವೆ ಸಿಕ್ಕಿತು.

ನಿಸರ್ಗಧಾಮದ ಘೋಷಣೆಗೆ ಒಂದು ತಿಂಗಳು ಮೊದಲು, ಆಗಸ್ಟ್ 11ರಂದು, ಮೀನುಗಾರರಿಗೆ ಇಂಧನ ಮತ್ತು ಸಾಮಗ್ರಿ ತಲುಪಿಸಲು ಬಂದಿದ್ದ ಫಿಲಿಪ್ಪೀನ್ಸ್ ಕರಾವಳಿ ಕಾವಲು ಪಡೆಯ ಸುಲುವಾನ್ ಎಂಬ 44 ಮೀಟರ್ ಉದ್ದದ ಪುಟ್ಟ ಹಡಗನ್ನು ಓಡಿಸಲು ಚೀನಾದ ಎರಡು ಹಡಗುಗಳು ಹೊರಟವು. ಒಂದು ಕರಾವಳಿ ಕಾವಲು ಪಡೆಯದು, ಇನ್ನೊಂದು 150 ಮೀಟರಿಗೂ ಮಿಕ್ಕಿ ಉದ್ದವಿರುವ ಯುದ್ಧನೌಕೆ. ಮುಂದಿನದನ್ನು ನೀವೂ ವಿಡಿಯೊದಲ್ಲಿ ನೋಡಿದ್ದೀರಿ. ಪುಟ್ಟ ಹಡಗು ಜಾರಿಕೊಂಡಿತು. ದೊಡ್ಡವೆರಡೂ ಒಂದಕ್ಕೊಂದು ಗುದ್ದಿಕೊಂಡವು. ಕಾವಲು ಹಡಗಿನ ಮೂತಿ, ಬಸ್ಸಿನ ಚಕ್ರಕ್ಕೆ ಸಿಕ್ಕ ಎಣ್ಣೆ ಡಬ್ಬಿಯಂತೆ, ನುಗ್ಗುನುಜ್ಜಾಗಿ ಒಳಕ್ಕೆ ಮಡಚಿಕೊಂಡಿತ್ತು. ಓಡಿಸಿಕೊಳ್ಳುತ್ತಿದ್ದವರೇ ನಿಂತು, ಗಾಯಾಳುಗಳಿದ್ದರೆ ಚಿಕಿತ್ಸೆ ಕೊಡುತ್ತೇವೆಂದು ರೇಡಿಯೊದಲ್ಲಿ ಕೇಳಿದರು, ಉತ್ತರ ಬರಲಿಲ್ಲ. ಅತಿಕ್ರಮಣಕಾರರನ್ನು ಕಾನೂನಿನಂತೆ ಹೊರಗಟ್ಟಿದ್ದೇವೆ ಎಂದು ಹೇಳಿದ ಬೀಜಿಂಗ್‌ನ ಪ್ರಕಟಣೆಯಲ್ಲಿ ಡಿಕ್ಕಿಯ ಸುದ್ದಿಯೇ ಇರಲಿಲ್ಲ. ಇಂಥ ಸಂಯಮವನ್ನು ನಾವು ಕಲಿಯಬೇಕು. ಹಡಗಿನ ಮೂತಿ ಹೋದರೂ ತಮ್ಮ ಮೂತಿ ಉಳಿಸಿಕೊಳ್ಳುವುದು ಎಲ್ಲರಿಗೂ ಸಾಧ್ಯವಾಗುವ ವಿದ್ಯೆಯಲ್ಲ.

ಇಷ್ಟಕ್ಕೂ ಈ ಸಮುದ್ರದ ಪಹಣಿ ಯಾರ ಹೆಸರಿನಲ್ಲಿದೆ? ಚೀನಾದ ಬಳಿ ಒಂದು ನಕ್ಷೆ ಇದೆ. 1947ರಲ್ಲಿ ಅಂದಿನ ಚೀನಾ ಗಣರಾಜ್ಯ ಅದರ ಮೇಲೆ, ಹೆಚ್ಚುಕಡಿಮೆ ಇಡೀ ಸಮುದ್ರವನ್ನು ಸುತ್ತುವರಿದು, ಹನ್ನೊಂದು ಗೀಟು ಎಳೆದಿತ್ತು. ಆ ಸರ್ಕಾರ ತೈವಾನಿಗೆ ಓಡಿಹೋದ ಮೇಲೆ ಬಂದ ಕಮ್ಯುನಿಸ್ಟರು ಅದರ ಮಿಕ್ಕ ಆಸ್ತಿಯನ್ನೆಲ್ಲ ಸಾಮ್ರಾಜ್ಯಶಾಹಿಯ ಪಳೆಯುಳಿಕೆಯೆಂದು ಬಿಸಾಡಿದರೂ ಗೀಟುಗಳನ್ನು ಮಾತ್ರ ಜೋಪಾನವಾಗಿ ಇಟ್ಟುಕೊಂಡರು. 1950ರ ದಶಕದಲ್ಲಿ ವಿಯೆಟ್ನಾಂ ಪಕ್ಕದ ಟೊಂಕಿನ್ ಕೊಲ್ಲಿಯ ಕಡೆಯ ಎರಡು ಗೀಟು ಅಳಿಸಿದ್ದರಿಂದ ಒಂಬತ್ತು ಉಳಿದವು. 2023ರ ಆಗಸ್ಟ್‌ನಲ್ಲಿ ಹೊರಬಂದ ‘ಪ್ರಮಾಣಿತ ನಕ್ಷೆ’ಯಲ್ಲಿ ಅವು ಹತ್ತಾದವು, ಜೊತೆಗೆ ನಮ್ಮ ಅರುಣಾಚಲವೂ ಅಕ್ಸಾಯ್ ಚಿನ್ನೂ ಅದೇ ಖಾತೆಗೆ ಬಿದ್ದವು. ಗೀಟುಗಳ ನಡುವೆ ಜಾಗ ಬಿಟ್ಟಿರುವುದು ಏಕೆಂದು ಕೇಳಬಾರದು. ಇಡೀ ಗೆರೆ ಎಳೆದರೆ ಅದು ಎಲ್ಲಿ ಹಾದುಹೋಗುತ್ತದೆಂದು ಅಕ್ಷಾಂಶ ರೇಖಾಂಶ ಸಮೇತ ಹೇಳಬೇಕಾಗುತ್ತದೆ. ಗೀಟು ಎಳೆದವನಿಗೆ ಆ ಕಷ್ಟವಿಲ್ಲ.

ನಮ್ಮಲ್ಲಿ ಬಗರ್‌ಹುಕುಂ ಸಾಗುವಳಿದಾರ ಇದಕ್ಕಿಂತ ಎಷ್ಟೋ ಮರ್ಯಾದಸ್ಥ. ಸರ್ಕಾರಿ ಜಮೀನಿನಲ್ಲಿ ಅವನು ರಾಗಿ ಬಿತ್ತಿರಬಹುದು, ಆದರೆ ನಮೂನೆ 50, 53, 57 ಎಂದು ಕಾಲಕಾಲಕ್ಕೆ ಅರ್ಜಿ ತುಂಬಿ, ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ, ಸಮಿತಿ ಸಭೆ ಸೇರುವುದನ್ನು ವರ್ಷಗಟ್ಟಲೆ ಕಾಯುತ್ತಾನೆ. ಸರ್ವೆಯರ್ ಬಂದು ಸರಪಳಿ ಹಿಡಿದರೆ ತಾನೇ ಮುಂದೆ ನಿಂತು ಬಾಂದುಕಲ್ಲು ತೋರಿಸುತ್ತಾನೆ. ನಮ್ಮ ತಾತನ ಎಮ್ಮೆ ಇಲ್ಲಿ ಮೇಯುತ್ತಿತ್ತು ಎಂಬ ಒಂದೇ ಆಧಾರದ ಮೇಲೆ ಇಡೀ ಹೋಬಳಿಯನ್ನು ಕೇಳುವುದಿಲ್ಲ. ಚೀನಾದ ‘ಐತಿಹಾಸಿಕ ಹಕ್ಕು’ ತಾತನ ಎಮ್ಮೆಯ ವಾದವೇ, ಎಮ್ಮೆಯ ಬದಲು ಮೀನುದೋಣಿ ಅಷ್ಟೆ. ಆ ತಾತ ಯಾವ ರಾಜವಂಶದ ಕಾಲದವನೆಂಬುದು ಜಗಳಕ್ಕೆ ತಕ್ಕಂತೆ ಹಿಂದೆ ಹಿಂದೆ ಸರಿಯುತ್ತ ಹೋಗುತ್ತದೆ.

ಗೀಟಿನ ಭಯ ಎದುರಾಳಿಗಳಿಗೂ ಅಂಟಿಕೊಂಡಿದೆ. 2023ರಲ್ಲಿ ಒಂದು ಆಟದ ಗೊಂಬೆಯ ಕಥೆಯುಳ್ಳ ಹಾಲಿವುಡ್ ಚಿತ್ರವನ್ನು ವಿಯೆಟ್ನಾಂ ನಿಷೇಧಿಸಿತು. ಮಕ್ಕಳು ಬಳಪದಲ್ಲಿ ಗೀಚಿದಂತಿದ್ದ ಅದರ ಭೂಪಟದಲ್ಲಿ ಅನುಮಾನಾಸ್ಪದ ಗೀಟುಗಳಿದ್ದವಂತೆ. ಇದೇ ಸಮುದ್ರವನ್ನು ವಿಯೆಟ್ನಾಂ ಪೂರ್ವ ಸಮುದ್ರ ಎನ್ನುತ್ತದೆ, ಫಿಲಿಪ್ಪೀನ್ಸ್ 2012ರಿಂದ ತನ್ನ ಪಾಲಿನ ನೀರಿಗೆ ಪಶ್ಚಿಮ ಫಿಲಿಪ್ಪೀನ್ ಸಮುದ್ರ ಎನ್ನುತ್ತದೆ, ಇಂಡೊನೇಷ್ಯಾ 2017ರಲ್ಲಿ ತನ್ನ ಮೂಲೆಗೆ ಉತ್ತರ ನಾಟುನಾ ಸಮುದ್ರ ಎಂದು ನಾಮಕರಣ ಮಾಡಿತು. ತೊಟ್ಟಿಲು ಮಾತ್ರ ಒಂದೇ.

ಹವಳಕ್ಕೆ ಹಿಂತಿರುಗೋಣ, ಏಕೆಂದರೆ ಈ ಪ್ರೇಮಕಥೆಗೆ ಪೂರ್ವಾರ್ಧವೂ ಇದೆ. 2012ರ ಏಪ್ರಿಲ್‌ನಲ್ಲಿ ಇದೇ ಸ್ಕಾರ್ಬರೋದಲ್ಲಿ ಫಿಲಿಪ್ಪೀನ್ಸ್ ನೌಕಾಪಡೆಯವರು ಚೀನಾದ ಮೀನುದೋಣಿಗಳನ್ನು ಹತ್ತಿ ನೋಡಿದಾಗ ಸಿಕ್ಕದ್ದು ದೈತ್ಯ ಕಪ್ಪೆಚಿಪ್ಪು, ಜೀವಂತ ಶಾರ್ಕ್ ಮತ್ತು, ಹೌದು, ಹವಳ. ಬಂಧಿಸಲು ಹೋದವರಿಗೆ ಚೀನಾದ ಸರ್ಕಾರಿ ಹಡಗುಗಳು ಅಡ್ಡ ನಿಂತವು, ಅಲ್ಲಿಂದ ಶುರುವಾದ ಮುಖಾಮುಖಿ ಮುಗಿಯುವಷ್ಟರಲ್ಲಿ ದಿಬ್ಬ ಚೀನಾದ ಕೈಯಲ್ಲಿತ್ತು. ನಡುವೆ ಫಿಲಿಪ್ಪೀನ್ಸ್‌ನಿಂದ ಬಂದ ಬಾಳೆಹಣ್ಣಿನಲ್ಲಿ ಚೀನಾದ ಬಂದರು ಅಧಿಕಾರಿಗಳಿಗೆ ಇದ್ದಕ್ಕಿದ್ದಂತೆ ಕೀಟಗಳು ಕಾಣತೊಡಗಿ, ಕಂಟೇನರ್‌ಗಟ್ಟಲೆ ಹಣ್ಣು ಅಲ್ಲೇ ಕೊಳೆಯಿತು. ಬಂಡೆಯ ಮೇಲಿನ ಸಾರ್ವಭೌಮತ್ವವನ್ನು ಬಾಳೆಗೊನೆಯ ಮೇಲೆ ತೀರ್ಮಾನಿಸಬಹುದೆಂದು ಕಂಡುಹಿಡಿದ ಅಧಿಕಾರಿಗೆ ಬಡ್ತಿ ಸಿಕ್ಕಿರಲೇಬೇಕು.

ಫಿಲಿಪ್ಪೀನ್ಸ್ 2013ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಗೆ ಹೋಯಿತು. 2016ರ ಜುಲೈ 12ರಂದು ಬಂದ ತೀರ್ಪು ಗೀಟುಗಳೊಳಗಿನ ಐತಿಹಾಸಿಕ ಹಕ್ಕಿಗೆ ಕಾನೂನಿನ ಆಧಾರವಿಲ್ಲವೆಂದಿತು; ಬಂಡೆ ಯಾರದೆಂದು ಹೇಳುವ ಗೊಡವೆಗೆ ಹೋಗದೆ, ಅಲ್ಲಿ ಮೀನು ಹಿಡಿಯುವ ಸಾಂಪ್ರದಾಯಿಕ ಹಕ್ಕು ಎರಡೂ ದೇಶದ ಮೀನುಗಾರರಿಗೆ ಇದೆಯೆಂದೂ, ಚೀನಾ ಅದಕ್ಕೆ ಅಕ್ರಮವಾಗಿ ಅಡ್ಡಿ ಮಾಡಿದೆಯೆಂದೂ ಹೇಳಿತು. ಅದೇ ಸಮುದ್ರದ ಸ್ಪ್ರಾಟ್ಲಿ ದ್ವೀಪಸಮೂಹದ ಏಳು ದಿಬ್ಬಗಳ ಮೇಲೆ ಚೀನಾ ಮರಳು ಸುರಿದು ಕೃತಕ ದ್ವೀಪ ಕಟ್ಟಿದ್ದರಿಂದ ಹವಳಕ್ಕೆ ತೀವ್ರ ಹಾನಿಯಾಗಿದೆ ಎಂದೂ ಅದರಲ್ಲೇ ಬರೆದಿದೆ. ಬೀಜಿಂಗ್ ಅದನ್ನು ರದ್ದಿ ಕಾಗದವೆಂದಿತು. ಸೋಜಿಗವೆಂದರೆ ಗೆದ್ದ ದೇಶದ ಅಂದಿನ ಅಧ್ಯಕ್ಷ ರೋಡ್ರಿಗೊ ಡುಟರ್ಟೆ ಕೂಡ 2021ರಲ್ಲಿ ಅದನ್ನು ಕಸದ ಬುಟ್ಟಿಗೆ ಎಸೆಯುವ ಕಾಗದವೆಂದರು. ಜೆಟ್ ಸ್ಕೀ ಏರಿ ಹೋಗಿ ವಿವಾದದ ನೀರಿನಲ್ಲಿ ಬಾವುಟ ನೆಡುತ್ತೇನೆಂದು 2016ರ ಚುನಾವಣೆಯಲ್ಲಿ ಆಣೆ ಮಾಡಿದ್ದ ಮಹಾನುಭಾವರು ಇವರೇ. ಅದು ತಮಾಷೆ, ನಂಬಿದವರು ದಡ್ಡರು ಎಂದು ಆಮೇಲೆ ವಿವರಣೆಯನ್ನೂ ಕೊಟ್ಟರು. ಕಡಲ ಕಾನೂನಿನ 1982ರ ಒಪ್ಪಂದವನ್ನು ಎಲ್ಲರೂ ಪಾಲಿಸಬೇಕೆಂದು ವಿಮಾನವಾಹಕ ನೌಕೆಗಳ ಮೇಲೆ ನಿಂತು ಬೋಧಿಸುವ ಅಮೆರಿಕ ಆ ಒಪ್ಪಂದವನ್ನು ಇಂದಿಗೂ ಅನುಮೋದಿಸಿಲ್ಲ. ಅದರ ಬಗ್ಗೆ ಹೆಚ್ಚು ಹೇಳಿ ಪ್ರಯೋಜನವಿಲ್ಲ.

ಹವಳದ ಚಿಂತೆ ಚೀನಾವನ್ನು ಎಷ್ಟು ಕಾಡುತ್ತಿದೆಯೆಂದರೆ, ಅದೇ ಸ್ಪ್ರಾಟ್ಲಿಯ ಎರಡನೇ ಥಾಮಸ್ ದಿಬ್ಬದಲ್ಲಿ ಫಿಲಿಪ್ಪೀನ್ಸ್ 1999ರಲ್ಲಿ ಬೇಕೆಂದೇ ನೆಲಕಚ್ಚಿಸಿ ನಿಲ್ಲಿಸಿದ ಸಿಯೆರಾ ಮಾದ್ರೆ ಎಂಬ ಹಡಗಿನಿಂದ ಅಲ್ಲಿನ ಹವಳ ಸಾಯುತ್ತಿದೆ ಎಂದು 2024ರ ಜುಲೈನಲ್ಲಿ ವರದಿಯನ್ನೇ ಹೊರಡಿಸಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿ, ವಿಯೆಟ್ನಾಂ ಯುದ್ಧದಲ್ಲಿ ದುಡಿದು, ಈಗ ತುಕ್ಕು ಹಿಡಿದು ಒಡಲೆಲ್ಲ ತೂತಾಗಿರುವ ಆ ಹಡಗಿನಲ್ಲಿ ಬೆರಳೆಣಿಕೆಯ ಸೈನಿಕರು ಒಂದು ದೇಶದ ಸಾರ್ವಭೌಮತ್ವವನ್ನು ಕಾಯುತ್ತಿದ್ದಾರೆ. ವರದಿ ಬರುವುದಕ್ಕೆ ಮೂರು ವಾರ ಮೊದಲು, ಜೂನ್ 17ರಂದು, ಅವರಿಗೆ ಸಾಮಗ್ರಿ ಒಯ್ಯುತ್ತಿದ್ದ ದೋಣಿಗಳ ಮೇಲೆ ಚೀನಾದ ಕಾವಲು ಪಡೆಯವರು ಚಾಕು, ಕೊಡಲಿ ಹಿಡಿದು ಎರಗಿದರು. ಆ ಗುದ್ದಾಟದಲ್ಲಿ ಫಿಲಿಪ್ಪೀನ್ಸ್‌ನ ಒಬ್ಬ ನಾವಿಕ ಹೆಬ್ಬೆರಳು ಕಳೆದುಕೊಂಡ. 21ನೇ ಶತಮಾನದ ಎರಡು ಕಡಲ ಪಡೆಗಳ ನಡುವೆ ಕೊಡಲಿ!

ಸ್ಕಾರ್ಬರೋದಲ್ಲಿ ಹಗ್ಗವೂ ಬಂತು. 2023ರ ಸೆಪ್ಟೆಂಬರ್‌ನಲ್ಲಿ ದಿಬ್ಬದ ಬಾಯಿಗೆ ಚೀನಾ 300 ಮೀಟರ್ ಉದ್ದದ ತೇಲುವ ತಡೆ ಕಟ್ಟಿತು; ಹಗ್ಗಕ್ಕೆ ಸಾಲಾಗಿ ಪೋಣಿಸಿದ ಬಿಳಿಯ ತೇಲುಬುರುಡೆಗಳು. ಫಿಲಿಪ್ಪೀನ್ಸ್‌ನ ಒಬ್ಬ ಮುಳುಗುಗಾರ ನೀರಿಗಿಳಿದು, ಚಾಕುವಿನಿಂದ ಕುಯ್ದು ಕುಯ್ದು ಆ ಹಗ್ಗವನ್ನು ತುಂಡು ಮಾಡಿದ. ಅದನ್ನು ಬಿಟ್ಟರೆ ಉಳಿದದ್ದೆಲ್ಲ ಜಲಫಿರಂಗಿಯ ಕೆಲಸ. ಯಾರ ನೀರೆಂದು ತೀರ್ಮಾನವಾಗದ ನೀರನ್ನೇ ಪಂಪಿನಿಂದ ಎತ್ತಿ, ಆ ನೀರು ನನ್ನದೆನ್ನುವವನ ಮುಖಕ್ಕೆ ಎರಚುವ ಈ ಆಯುಧದಲ್ಲಿ ಒಂದು ತತ್ತ್ವವಿದೆ ಎಂದು ತಮಾಷೆ ಮಾಡಲು ಹೊರಟಿದ್ದೆ.

ಮನಸ್ಸು ಬರಲಿಲ್ಲ. 2019ರ ಜೂನ್ 9ರ ನಡುರಾತ್ರಿ, ರೀಡ್ ಬ್ಯಾಂಕ್ ಎಂಬ ನೀರಡಿಯ ದಿಬ್ಬದ ಬಳಿ ಲಂಗರು ಹಾಕಿ ನಿಂತಿದ್ದ ಫಿಲಿಪ್ಪೀನ್ಸ್‌ನ ಮರದ ಮೀನುದೋಣಿಗೆ ಚೀನಾದ ಹಡಗೊಂದು ಬಡಿದು, 22 ಮೀನುಗಾರರನ್ನು ನೀರಿನಲ್ಲೇ ಬಿಟ್ಟು ಹೊರಟುಹೋಯಿತು. ಅದೇ ಸಮುದ್ರದ ಮೇಲೆ ತಗಾದೆ ಹೂಡಿರುವ ವಿಯೆಟ್ನಾಂನ ಮೀನುದೋಣಿಯವರು ಅವರನ್ನು ಹತ್ತಿಸಿಕೊಂಡರು. ಡುಟರ್ಟೆ ಸಾಹೇಬರು ಅದನ್ನು ಸಣ್ಣದೊಂದು ಕಡಲ ಘಟನೆ ಎಂದರು. ಬಂಡೆಗೆ ನಿಸರ್ಗಧಾಮದ ಪಟ್ಟ, ಗೀಟಿಗೆ ರಾಷ್ಟ್ರಗೌರವ, ತುಕ್ಕು ಹಡಗಿಗೆ ಸಲ್ಯೂಟು. ನೀರಿಗೆ ಬಿದ್ದವರು ಮಾತ್ರ ಸಣ್ಣ ಘಟನೆ. ಇದನ್ನು ಎಷ್ಟು ಸಲ ವ್ಯಂಗ್ಯವಾಗಿ ಬರೆಯುವುದು?

ಸ್ಕಾರ್ಬರೋ ದಿಬ್ಬದ ಹವಳದ ಗೋಡೆಯೊಳಗೆ ಒಂದು ಶಾಂತವಾದ ಕೊಳವಿದೆ. ಗಾಳಿ ಎದ್ದಾಗ, ಚಂಡಮಾರುತ ಹಿಂಬಾಲಿಸಿದಾಗ, ಲುಜೋನ್ ಕರಾವಳಿಯ ಮೀನುಗಾರರು ಅಪ್ಪಂದಿರ ಕಾಲದಿಂದಲೂ ಬಿದಿರಿನ ತೋಳು ಕಟ್ಟಿದ ತಮ್ಮ ದೋಣಿಗಳನ್ನು ಆ ಕೊಳದೊಳಗೆ ತಂದು ನಿಲ್ಲಿಸಿ, ಗಾಳಿ ಇಳಿಯುವವರೆಗೆ ಕಾಯುತ್ತಿದ್ದರು. ಮುಂದಿನ ಚಂಡಮಾರುತಕ್ಕೆ ಅವರು ಎಲ್ಲಿಗೆ ಹೋಗಬೇಕೆಂಬುದರ ಬಗ್ಗೆ ನಿಸರ್ಗಧಾಮದವರು ಇನ್ನೂ ಏನನ್ನೂ ಹೇಳಿಲ್ಲ.