ದುರ್ಯೋಧನನ ಸಂಭಾವನೆ

ನಮ್ಮ ಸಂಘಕ್ಕೆ ಅನುದಾನದ ಆಸೆ ಹತ್ತಿಸಿದ್ದು ವಾಟ್ಸಾಪಿಗೆ ಬಂದ ರಾಜ್ಯ ಸರ್ಕಾರದ ಒಂದು ಪ್ರಕಟಣೆ. ನಾಟಕ ಆಡುವ ಸಂಘಗಳು ಅರ್ಜಿ ಹಾಕಬಹುದು ಅಂತಿತ್ತು. ಅಧ್ಯಕ್ಷರು ಮನಸ್ಸಿನಲ್ಲೇ ಹೊಸ ಸೀನರಿ, ಒಳ್ಳೇ ಮೈಕ್ ಸೆಟ್ ಎಲ್ಲಾ ಬುಕ್ ಮಾಡಿಬಿಟ್ಟರು. ಖಜಾಂಚಿ ಮಾತ್ರ, "ಮೊದಲು ಖರ್ಚು ಬರೀರಿ" ಅಂದರು.

ಅರ್ಜಿ ಫ್ರೀ. ಅದರ ಜೊತೆ ಲಗತ್ತಿಸೋ ಕಾಗದ ಒಂದೂ ಫ್ರೀ ಅಲ್ಲ. ಮೂರು ವರ್ಷದ ಆಡಿಟ್ ವರದಿ, ಬೈಲಾ, ಪ್ಯಾನ್ ಕಾರ್ಡು, ಛಾಪಾ ಕಾಗದದ ಮೇಲೆ ಪ್ರಮಾಣಪತ್ರ, ಅದಕ್ಕೆ ನೋಟರಿ ಮೊಹರು, ಪೇಪರ್ ಕಟಿಂಗ್, ಫೋಟೊ. ಮೂಗಿಗಿಂತ ಮೂಗುತಿ ಭಾರ ಅಂದರು ಖಜಾಂಚಿ. ನಾನು ಒಪ್ಪಲಿಲ್ಲ. ಸಂಘ 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ರಿಜಿಸ್ಟರ್ ಆಗಿದೆ, ಲೆಕ್ಕಪತ್ರ ಹೇಗೂ ಸರಿಯಾಗಿಡಲೇಬೇಕು, ಆಡಿಟರ್ ಫೀಸನ್ನು ಅರ್ಜಿಯ ತಲೆಗೆ ಕಟ್ಟೋದು ಅನ್ಯಾಯ ಅಲ್ವಾ?

"ಸರಿ, ನಿಮ್ಮ ಟೈಮಿಗೆ ಏನು ರೇಟು ಹಾಕಲಿ?" ಅಂದರು. ಸುಮ್ಮನಾದೆ. ನಮ್ಮನೆಯವರನ್ನು ಕೇಳಿದ್ದರೆ ಸೊನ್ನೆ ಹಾಕಿ ಅಂತಿದ್ದರು.

ರಾಜ್ಯದ್ದು ಬೇಡ, ಕೇಂದ್ರದ್ದೇ ನೋಡೋಣ ಅಂದರು ಅಧ್ಯಕ್ಷರು. ಅಲ್ಲಿ ಮೊದಲು ಸಂಘ ಸಂಸ್ಥೆಗಳು ಹೆಸರು ನೋಂದಾಯಿಸೋ ದರ್ಪಣ್ ಪೋರ್ಟಲ್ಲಿನ ನಂಬರ್ ಬೇಕು. ದುಡ್ಡು ಬಂದು ಖರ್ಚಾದ ಮೇಲೆ ಕೇಂದ್ರದ ಹಣಕಾಸು ನಿಯಮಗಳ ಜಿಎಫ್‌ಆರ್ 12-ಎ ಅನ್ನೋ ನಮೂನೆಯಲ್ಲಿ ಬಳಕೆ ಪ್ರಮಾಣಪತ್ರ ಕೊಡಬೇಕು. ಆ ಹೆಸರು ಕೇಳಿಯೇ ನಮ್ಮ ಭೀಮ ಗದೆ ಕೆಳಗಿಟ್ಟ.

ಮತ್ತೆ ರಾಜ್ಯಕ್ಕೇ ಬಂದೆವು. ಸೈಬರ್ ಸೆಂಟರಿನ ಹುಡುಗ ಲಾಗಿನ್ ಮಾಡಿದ. ಓಟಿಪಿ ಹೋಗಿದ್ದು ಹಳೇ ಕಾರ್ಯದರ್ಶಿಗಳ ಮೊಬೈಲಿಗೆ. ಅವರು ಮಗಳ ಮನೆಯಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದರು. ಎಬ್ಬಿಸಿ, ಕನ್ನಡಕ ಹುಡುಕಿಸಿ, ನಂಬರ್ ಓದಿಸೋ ಹೊತ್ತಿಗೆ ಅದರ ಅವಧಿ ಮುಗಿದಿತ್ತು. ಮೊಮ್ಮಗಳ ಕೈಗೆ ಫೋನ್ ಹೋದ ಮೇಲೆ ಕೆಲಸ ಸಲೀಸಾಯಿತು. ಮುಂದಿನ ಅರ್ಜಿಗೆ ಅವಳನ್ನೇ ಕಾರ್ಯದರ್ಶಿ ಮಾಡೋದು ವಾಸಿ.

ಆಮೇಲೆ ಬಂತು ಅಸಲಿ ಕಾಲಂ: ಕಲಾವಿದರಿಗೆ ಕೊಟ್ಟ ಸಂಭಾವನೆ, ರಸೀದಿ ಸಮೇತ.

ನಾವು ಮುಖ ಮುಖ ನೋಡಿಕೊಂಡೆವು. ಮಂಡ್ಯ, ತುಮಕೂರು ಕಡೆಯ ಹಳ್ಳಿ ನಾಟಕ ಬಲ್ಲವರಿಗೆ ಇದು ಗೊತ್ತು. ನಮ್ಮಲ್ಲಿ ಪಾತ್ರ ಮಾಡುವವನೇ ದುಡ್ಡು ಕೊಡಬೇಕು. ದುರ್ಯೋಧನನಿಗೆ ಎಲ್ಲರಿಗಿಂತ ಜಾಸ್ತಿ ರೇಟು, ಕೃಷ್ಣನಿಗೂ ಕಮ್ಮಿಯೇನಿಲ್ಲ, ನಕುಲ ಸಹದೇವರಿಗೆ ರಿಯಾಯಿತಿ. ಆ ದುಡ್ಡಲ್ಲೇ ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಲೈಟು, ಊಟ ಎಲ್ಲಾ ನಡೆಯೋದು. ಈ ಸಲದ ದುರ್ಯೋಧನ ಸೈಟ್ ವ್ಯಾಪಾರದವನು. ಅವನೊಬ್ಬ ಕೊಟ್ಟಿದ್ದೇ ಅನುದಾನಕ್ಕಿಂತ ಜಾಸ್ತಿ. ಅವನಿಂದ ಯಾವ ಪ್ರಮಾಣಪತ್ರವನ್ನೂ ಕೇಳಿರಲಿಲ್ಲ, ಅವನೂ ನಮ್ಮನ್ನು ಕೇಳಿರಲಿಲ್ಲ. ಕಿರೀಟ ಮಾತ್ರ ಕೃಷ್ಣನದ್ದಕ್ಕಿಂತ ದೊಡ್ಡದಿರಲಿ ಅಂದಿದ್ದ.

ಖಜಾಂಚಿ ತುಂಬಾ ಪ್ರಾಮಾಣಿಕರು. ಸುಳ್ಳು ರಸೀದಿ ಬೇಡ ಅಂದರು. ಇದ್ದದ್ದನ್ನೇ ಬರೆಯೋಣ, ಮೊತ್ತದ ಹಿಂದೆ ಒಂದು ಮೈನಸ್ ಹಾಕಪ್ಪ ಅಂದರು.

ಹುಡುಗ ಒತ್ತಿ ನೋಡಿದ. "ಈ ಬಾಕ್ಸು ಮೈನಸ್ ತಗೊಳ್ಳಲ್ಲ ಸಾರ್" ಅಂದ.