ಅಮ್ಮಾ, ಒಂದಕ್ಕೆ!

ಇವತ್ತು ಬೆಳಿಗ್ಗೆ ಮಕ್ಕಳನ್ನು ಆಟಕ್ಕೆ ಹೊರಗೆ ಕರೆದುಕೊಂಡು ಹೋಗಿದ್ದೆ. ಹೊರಡಲು ಹಿಡಿದದ್ದು 35 ನಿಮಿಷ. ಹೊರಗೆ ಇದ್ದದ್ದು 6 ನಿಮಿಷ. ವಾಪಸ್ ಬಂದು ಬಟ್ಟೆ ಬಿಚ್ಚಿ ಒಪ್ಪ ಮಾಡಲು ಇನ್ನೊಂದು 15. ನಾಳೆಯ ಗಣಿತದ ಪಾಠಕ್ಕೆ ಇದನ್ನೇ ಲೆಕ್ಕವಾಗಿ ಕೊಡೋಣ ಅಂದುಕೊಂಡಿದ್ದೇನೆ.

ಮಕ್ಕಳಿಗೆ ಮನೆಯಲ್ಲೇ ಪಾಠ ಮಾಡುವವರಿಗೆ ಚಳಿಗಾಲದ ಈ ಗೋಳು ಬಿಡಿಸಿ ಹೇಳಬೇಕಾಗಿಲ್ಲ. ಶಾಲೆಗೆ ಹೋಗುವ ಮಕ್ಕಳು ಸುಮ್ನೆ ಓಡಾಡುತ್ತಲೇ ಇರುತ್ತಾರೆ. ಬಸ್ಸಿಗೆ ಓಡುತ್ತಾರೆ, ಬ್ಯಾಗು ಹೊರುತ್ತಾರೆ, ಬೆಲ್ ಹೊಡೆದರೆ ಮೆಟ್ಟಿಲು ಹಾರುತ್ತಾರೆ. ನಮ್ಮಲ್ಲಿ ಹಾಸಿಗೆಯಿಂದ ಶಾಲೆಗೆ ಎಂಟು ಹೆಜ್ಜೆ. ಚಳಿ ಬಂದರೆ ಆ ಎಂಟೂ ಇಲ್ಲ. ಶಾಲೆಯೇ ರಗ್ಗಿನೊಳಗೆ ಬಂದುಬಿಡುತ್ತದೆ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಏದುಸಿರು ಬರುವಂಥ ಆಟೋಟ ಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಪ್ಪಿದೆ. ಸೋಫಾದಡಿ ತೂರಿ ಸಾಕ್ಸು ಹುಡುಕುವುದು ಅದರಲ್ಲಿ ಸೇರುತ್ತದೋ ಇಲ್ಲವೋ. ಸೇರಿದರೂ ಪ್ರಯೋಜನವಿಲ್ಲ, ಹುಡುಕುವವಳು ನಾನು.

ಆರು ವರ್ಷದ ಮಗನನ್ನು ಹೊರಡಿಸುವುದು ಹೀಗೆ. ಬನಿಯನ್ನು, ಅದರ ಮೇಲೆ ಅಂಗಿ, ಅದರ ಮೇಲೆ ಸ್ವೆಟರು, ಅದರ ಮೇಲೆ ಜಾಕೆಟ್ಟು. ಪ್ಯಾಂಟು ಎರಡು. ಟೋಪಿ, ಮಫ್ಲರು, ಶೂ. ಕೊನೆಗೆ ಗ್ಲೌಸು. ಐದು ಬೆರಳಿಗೆ ಐದು ಮನೆ ಕಟ್ಟಿಸಿಕೊಟ್ಟಿದ್ದರೂ ಅವನ ಎರಡು ಬೆರಳು ಒಂದೇ ಮನೆಯಲ್ಲಿ ಸಂಸಾರ ಹೂಡುತ್ತವೆ. ಹೊರಗೆ ಎಳೆದು, ಬುದ್ಧಿ ಹೇಳಿ, ಮತ್ತೆ ಒಳಗೆ ಕಳಿಸಬೇಕು. ಇಷ್ಟೆಲ್ಲ ಆಗುವ ಮೊದಲೇ ನಾನು ಕೇಳಿರುತ್ತೇನೆ.

“ಒಂದಕ್ಕೆ ಹೋಗಬೇಕಾ?”

“ಬೇಡ.”

“ನಿಜವಾಗ್ಲೂ?”

“ನಿಜವಾಗ್ಲೂ ಬೇಡಮ್ಮಾ.”

ಸರಿ ಅಂತ ಬಾಗಿಲ ಚಿಲಕ ತೆಗೆಯುತ್ತೇನೆ. ತಣ್ಣನೆ ಗಾಳಿ ಒಂದೆಳೆ ಒಳಗೆ ಬರುತ್ತದೆ. ಅವನು ಎರಡೂ ಕಾಲು ಜೋಡಿಸಿ ನಿಲ್ಲುತ್ತಾನೆ. ಮುಖ ನೋಡಿದರೇ ಗೊತ್ತಾಗುತ್ತದೆ.

“ಅಮ್ಮಾ, ಒಂದಕ್ಕೆ!”

ಇದು ಸುಳ್ಳಲ್ಲ, ಅದೇ ನನ್ನ ಸಂಕಟ. ಚಳಿಗೆ ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ರಕ್ತ ಒಳಗಡೆ ಸೇರಿಕೊಳ್ಳುತ್ತದೆ. ಒತ್ತಡ ಏರುತ್ತದೆ, ನೀರು ಜಾಸ್ತಿ ಆಗಿದೆ ಅಂದುಕೊಂಡು ಮೂತ್ರಪಿಂಡ ಅದನ್ನು ಹೊರಗೆ ಕಳಿಸಲು ನೋಡುತ್ತದೆ. ವಿಜ್ಞಾನದ ಪಾಠದಲ್ಲಿ ನಾನೇ ಹೇಳಿಕೊಟ್ಟದ್ದು. ಆದರೆ ಇವನಿನ್ನೂ ಹೊಸಿಲೊಳಗೇ ಇದ್ದಾನೆ ಕಣ್ರೀ! ಚಳಿಯ ಸುದ್ದಿ ಕೇಳಿಯೇ ಇವನ ಮೂತ್ರಪಿಂಡ ಕೆಲಸಕ್ಕೆ ಇಳಿದಿರುತ್ತದೆ.

ಈಗ ಬಿಚ್ಚುವ ಕಾರ್ಯಕ್ರಮ. ಗ್ಲೌಸು ಹಾಕಿದ ಕೈಯಲ್ಲಿ ಅವನಿಗೆ ಜಿಪ್ಪು ಸಿಗುವುದಿಲ್ಲ. ಪೊಲೀಸರಿಗೆ ಶರಣಾದವನ ಹಾಗೆ ಎರಡೂ ಕೈ ಮುಂದೆ ಚಾಚಿ ನಿಲ್ಲುತ್ತಾನೆ. ನಾನು ಎಳೆಯುತ್ತೇನೆ. ಇವತ್ತು ಮಫ್ಲರಿನ ದಾರ ಜಿಪ್ಪಿಗೆ ಸಿಕ್ಕಿಕೊಂಡಿತು. “ಅಮ್ಮಾ ಬೇಗ, ಬೇಗ” ಎಂದು ಅವನು ಇದ್ದಲ್ಲೇ ಕುಣಿಯುತ್ತಿದ್ದ. ಬೆಳಿಗ್ಗೆಯಿಂದ ಅವನು ಮಾಡಿದ ಕಸರತ್ತು ಅಂದರೆ ಅದೊಂದೇ.

ಅಷ್ಟರಲ್ಲಿ ಹತ್ತು ವರ್ಷದ ಅಕ್ಕ, ಪೂರ್ತಿ ತಯಾರಾಗಿ ಬಾಗಿಲ ಬಳಿ ಕಾಯುತ್ತಿದ್ದವಳು, ಬೆವೆತುಹೋಗಿದ್ದಳು. “ಸೆಕೆ” ಅಂತ ಎಲ್ಲ ಬಿಚ್ಚಿ ಬಿಸಾಕಿ ಸೋಫಾ ಸೇರಿದ್ದಳು. ಒದ್ದೆ ಅಂಗಿಯಲ್ಲಿ ಹೊರಗೆ ಹೋದರೆ ಮೈ ಇನ್ನೂ ಬೇಗ ತಣ್ಣಗಾಗುತ್ತದೆ. ಹಾಗಾಗಿ ಅವಳಿಗೂ ಒಳಗಿನಿಂದ ಎಲ್ಲ ಮೊದಲಿನಿಂದ.

ಅಂತೂ ಹೊರಗೆ ಹೋದೆವು. “ಓಡ್ರೋ!” ಎಂದೆ. ಇಬ್ಬರೂ ಕಂಬದ ಹಾಗೆ ನಿಂತು ಬಾಯಿಂದ ಹೊಗೆ ಬಿಡತೊಡಗಿದರು. ಯಾರ ಹೊಗೆ ಉದ್ದ ಎಂದು ಜಗಳ. ಆರು ನಿಮಿಷ ವ್ಯಾಯಾಮ ಆದದ್ದು ದವಡೆಗೆ ಮಾತ್ರ. ಆಮೇಲೆ ಚೆಂಡು ಬೆರಳಿಗೆ ತಾಗಿತು, ಅಳು ಬಂತು, ಮೂಗು ಸೋರಿತು. ಮನೆ.

ಒಳಗೇ ಆಡಿಸಬಾರದಾ ಅಂತೀರಾ? ನೋಡಿಯಾಗಿದೆ. ದಿಂಬಿನಿಂದ ದಿಂಬಿಗೆ ಹಾರಿಸಿದರೆ ಕೆಳಮನೆಯವರು ಪೊರಕೆ ಹಿಡಿಯಿಂದ ಸೂರು ಕುಟ್ಟುತ್ತಾರೆ. ಹೆಜ್ಜೆ ಎಣಿಸುವ ವಾಚು ಕಟ್ಟಿದೆ. ಒಂದೇ ಗಂಟೆಯಲ್ಲಿ ಮಗಳದ್ದು 2,000 ಹೆಜ್ಜೆ! ಹೆಮ್ಮೆಯಿಂದ ಹೋಗಿ ನೋಡಿದರೆ ರಗ್ಗಿನೊಳಗೆ ಮಲಗಿ ಒಂದು ಕೈಯಲ್ಲಿ ಕಥೆಪುಸ್ತಕ ಹಿಡಿದಿದ್ದಾಳೆ, ಇನ್ನೊಂದು ಕೈಯನ್ನು ಗಿಲಕಿಯಂತೆ ಅಲ್ಲಾಡಿಸುತ್ತಿದ್ದಾಳೆ.

ಮಧ್ಯಾಹ್ನ ಬಟ್ಟೆ ಮಡಿಸುವಾಗ ಒಂದು ಗಮನಿಸಿದೆ. ಮಗಳ ಜಾಕೆಟ್ಟಿನ ಜಿಪ್ಪನ್ನು ನಾನು ಈ ಚಳಿಗಾಲ ಒಮ್ಮೆಯೂ ಎಳೆದಿಲ್ಲ. ಹೋದ ವರ್ಷ ಗದ್ದ ಮೇಲೆತ್ತಿ ನಿಲ್ಲುತ್ತಿದ್ದಳು, ನಾನು ಎಳೆಯುವವರೆಗೂ. ಯಾವತ್ತು ನಿಂತಿತೋ ಗೊತ್ತೇ ಆಗಲಿಲ್ಲ. ಆ ಜಾಕೆಟ್ಟನ್ನು ಸ್ವಲ್ಪ ಹೊತ್ತು ಮಡಿಲಲ್ಲೇ ಇಟ್ಟುಕೊಂಡೆ. ಆಮೇಲೆ ಮಗನ ಎಡಗೈ ಗ್ಲೌಸು ಕಾಣಿಸದೆ ಮತ್ತೆ ಸೋಫಾದಡಿ ತೂರಿದೆ.

ಈಗ ರಾತ್ರಿ ಒಂಬತ್ತೂವರೆ. ದೀಪ ಆರಿಸಿ ಮಲಗಿಸಿದ್ದೆ. ಕೋಣೆಯಲ್ಲಿ ಮಂಚ ಕಿರುಗುಟ್ಟುತ್ತಿದೆ. ಇಣುಕಿದರೆ ಇಬ್ಬರೂ ಬನಿಯನ್ನಿನಲ್ಲೇ ಕುಪ್ಪಳಿಸುತ್ತಿದ್ದಾರೆ. ಕೆನ್ನೆ ಕೆಂಪಾಗಿದೆ, ಏದುಸಿರು ಬರುತ್ತಿದೆ. ಕೆಳಗಿನಿಂದ ಪೊರಕೆ ಟಕ್ ಟಕ್ ಎನ್ನುತ್ತಿದೆ.

ಗಡಿಯಾರ ನೋಡಿದೆ. 40 ನಿಮಿಷ ಆಗಿದೆ. ಇನ್ನು ಇಪ್ಪತ್ತು ನಿಮಿಷ ಕೆಳಮನೆಯವರು ಹೇಗಾದರೂ ತಡೆದುಕೊಳ್ಳಬೇಕು.